ಪಂಕ್ತಿಯ ನಡುವೆ ನಿಂತ ಹಾಡು

ಪಾರ್ಸಲ್ಲಿನ ಹೊದಿಕೆ ಹರಿದ ಕೂಡಲೇ ಮನೆಯೆಲ್ಲ ಹೊಸ ಪ್ಲಾಸ್ಟಿಕ್ಕಿನ ವಾಸನೆ. "ಬಕೀಟ ತರ್ಸೀಯೇನೋ?" ಎಂದು ಅವ್ವ ಒಳಗಿಂದ ಕೂಗಿದಳು. ಬಕೀಟಾಗಿದ್ದರೆ ಖುಷಿಪಡುತ್ತಿದ್ದೆ. ಬಂದದ್ದು ಗ್ರಾಮಫೋನ್ ರೆಕಾರ್ಡು. ಕವಚದ ಮೇಲೆ ಕಾಲೇಜಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಶಿಗ್ಗಾಂವಿ ಗೆಳೆಯನ ಮುಖ; ಅವನೇ ಕಳಿಸಿದ್ದ. ಅವನ ಮೊದಲ ಆಲ್ಬಮ್ಮನ್ನು ಈಗ ರೆಕಾರ್ಡಾಗಿಯೂ ಒತ್ತಿಸಿದ್ದಾರೆ. ಸಂಗ್ರಹಿಸುವ ಶೋಕಿಯವರು ಮುಗಿಬಿದ್ದು ಕೊಳ್ಳುತ್ತಿದ್ದಾರಂತೆ. ಎಲ್ಲಾದರೂ ಗೀರು ಬಿದ್ದಿದೆಯೇ ಎಂದು ಮೊದಲು ನೋಡಿದೆ. ಬಿದ್ದಿರಲಿಲ್ಲ.

ಆ ವಾಸನೆಗೆ ಪಕ್ಕದ ಮನೆಯ ಚಾಚಾ ನೆನಪಾದರು. ಸವಣೂರಿನ ಸುತ್ತ ಯಾರ ಲಗ್ನವಾದರೂ ಮೈಕ್ ಸೆಟ್ ಅವರದೇ. ಮನೆಯ ಟ್ರಂಕಿನಲ್ಲಿ ಹಳೆಯ ರೆಕಾರ್ಡುಗಳಿದ್ದವು. ಹಾಕುವ ಮೊದಲು ಒಂದೊಂದನ್ನೂ ಮೂಗಿಗೆ ಹಿಡಿಯುತ್ತಿದ್ದರು, ಮಾವಿನಹಣ್ಣು ಆರಿಸುವವರ ಹಾಗೆ...

ಹೊಸ ಹಾಡು ಉಳಿಯುತ್ತದೋ ಇಲ್ಲವೋ ನೋಡಲು ಅವರದೊಂದು ಪರೀಕ್ಷೆಯಿತ್ತು. ಊಟದ ಪಂಕ್ತಿ ಕೂತಾಗ ಹಾಡು ಹಚ್ಚಿ, ಸಾಲಿನ ನಡುವೆ ಟಕ್ಕನೆ ನಿಲ್ಲಿಸುವುದು. ಉಣ್ಣುವವರಲ್ಲಿ ಯಾರಾದರೂ ಆ ಸಾಲನ್ನು ಮುಂದುವರಿಸಿದರೆ ಹಾಡು ಪಾಸು. ಇಲ್ಲವಾದರೆ, "ಇದು ಮುಂದಿನ ಲಗ್ನಕ್ಕ ಇರೂದಿಲ್ಲ" ಎಂದು ಪೆನ್ ಡ್ರೈವಿನಿಂದ ಅಳಿಸಿಬಿಡುತ್ತಿದ್ದರು.

ಹತ್ತಿಮತ್ತೂರಿನ ಒಂದು ಲಗ್ನದಲ್ಲಿ ಗೆಳೆಯನ ಹಾಡಿನ ಸರದಿ ಬಂತು. ಆಲ್ಬಮ್ ಹೊರಬಂದು ಎರಡು ತಿಂಗಳಾಗಿತ್ತಷ್ಟೇ.

"ಬ್ಯಾಡ್ರಿ ಚಾಚಾ, ಮಂದಿಗೆ ಊಟ ಜೀರ್ಣ ಆಗೂದಿಲ್ಲ," ಎಂದೆ.

"ನಿನಗ ಜೀರ್ಣ ಆಗೂದಿಲ್ಲ ಅನ್ನು," ಎಂದು ಹಚ್ಚಿಯೇಬಿಟ್ಟರು.

ಹಾಡು ಏರುವ ಹೊತ್ತಿಗೆ ನಿಲ್ಲಿಸಿದರು. ಪಂಕ್ತಿಯಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. ಯಾರೋ ಸಾರು ಕೇಳಿದರು. ನನಗೆ ಹೋಳಿಗೆಯ ಮೇಲೆ ಇನ್ನೊಂದು ಚಮಚ ತುಪ್ಪ ಬಿದ್ದಷ್ಟು ಆನಂದ. ಅಷ್ಟರಲ್ಲಿ ಉಳಿದರ್ಧ ಸಾಲು ಎಲ್ಲಿಂದಲೋ ಬಂತು, ಅವನದೇ ಮೂಗುದನಿ, ಅವನದೇ ನಡುಕ. ಹಾಡಿದ್ದು ನನ್ನದೇ ಬಾಯಿ! ಅವನನ್ನು ಅಣಕಿಸಬೇಕೆಂದು ವಾರಗಟ್ಟಲೆ ತಿದ್ದಿ ಕಲಿತ ಸಾಲು ಅದು. ಮುದುಕಿಯೊಬ್ಬಳು ಎಂಜಲು ಕೈಯಲ್ಲೇ ಶಹಬ್ಬಾಸ್ ಅಂದಳು.

"ಅದು ಚ್ಯಾಷ್ಟಿರಿ ಚಾಚಾ!"

"ಚ್ಯಾಷ್ಟಿಗಾದ್ರೂ ಪೂರಾ ಕಲ್ತೀಯಲ್ಲ," ಎಂದು ಚಾಚಾ ಹೊಟ್ಟೆ ಕುಣಿಸಿ ನಕ್ಕರು. "ಹೊಟ್ಟಿಕಿಚ್ಚಿನವನ ಬಾಯಾಗ ಕುಂತೈತಿ ಅಂದ್ರ, ಇದು ಉಳೀತೈತಿ ಬೇಟಾ."

ಮರುವರ್ಷ ಚಾಚಾ ತೀರಿಕೊಂಡರು. ಟ್ರಂಕು, ರೆಕಾರ್ಡ್ ಹಾಕುವ ಯಂತ್ರ ಎರಡನ್ನೂ ಮಗಳು ಹಾನಗಲ್ಲಿಗೆ ಒಯ್ದಳು.

ಹೀಗಾಗಿ ರೆಕಾರ್ಡು ಬಂದಿದೆ, ಕೇಳುವಂತಿಲ್ಲ. ಕಿಟಕಿಯ ಬೆಳಕಿಗೆ ಹಿಡಿದೆ. ಕೂದಲೆಳೆಯಂಥ ಆ ಗೆರೆಗಳಲ್ಲಿ ಅವನ ಗಂಟಲು ಆರಾಮಾಗಿ ಕೂತಿದೆ, ಮೊಮ್ಮಕ್ಕಳ ಕಾಲಕ್ಕೂ ಕೂತಿರುತ್ತದೆ. ಪ್ರತಿ ಲಗ್ನದಲ್ಲೂ "ಬೀಗರು ಊಟಕ್ಕ ಬರ್ರಿ" ಎಂದು ಮೈಕಿನಲ್ಲಿ ಕರೆಯುತ್ತಿದ್ದ ಚಾಚಾನ ದನಿಯನ್ನು ಮಾತ್ರ ಯಾರೂ ಹಿಡಿದಿಡಲಿಲ್ಲ... ಹೊಟ್ಟೆ ಮತ್ತೆ ಉರಿಯಿತು, ಈ ಸಲ ಚಾಚಾನ ಪರವಾಗಿ.

ಎದ್ದು ನಿಂತು, ಚಾಚಾನ ದನಿ ತೆಗೆದು ಬೀಗರನ್ನು ಊಟಕ್ಕೆ ಕರೆದೆ. ಅವ್ವ ಬಾಗಿಲಿಗೆ ಬಂದಳು, ನಗಲಿಲ್ಲ.

"ಅವರ ದನಿ ಇಷ್ಟು ಸಣ್ಣ ಇರ್ಲಿಲ್ಲಪಾ."

ಕೆಮ್ಮಿ, ಗಂಟಲು ದಪ್ಪ ಮಾಡಿ ಇನ್ನೊಮ್ಮೆ ಕರೆದೆ. ಅವ್ವ ಕಣ್ಣು ಮುಚ್ಚಿ ಕೇಳಿಸಿಕೊಂಡಳು.

"ನನಗೂ ಈಗ ಬರೋಬ್ಬರಿ ನೆನಪಾಗವಲ್ದು," ಎಂದಳು.