‘ಢಣ್’ ಆದಮೇಲೆ

ಆಂಟಿಯ ಎಡಗೆನ್ನೆ ಯಾವಾಗಲೂ ತುಸು ಉಬ್ಬಿಕೊಂಡಿರುತ್ತಿತ್ತು. ಹಲ್ಲುನೋವಿರಬೇಕು ಅಂದುಕೊಂಡು ನಾನು ಪರಿಚಯವಾದ ದಿನವೇ ನಮ್ಮ ಡೆಂಟಿಸ್ಟ್‌ನ ವಿಷಯ ಎತ್ತಿಬಿಟ್ಟಿದ್ದೆ. ಅಲ್ಲಿದ್ದದ್ದು ಕಲ್ಲುಸಕ್ಕರೆಯ ಹರಳು. ಮಿಷಿಗನ್ನಿನ ಚಳಿಗಾಲದಲ್ಲಿ ಹೀಟರ್ ಗಾಳಿಗೆ ಗಂಟಲು ಒಣಗುತ್ತದೆಂದು ಅದನ್ನು ದವಡೆಯಲ್ಲಿಟ್ಟುಕೊಂಡೇ ಓಡಾಡುತ್ತಿದ್ದರು, ಮಾತಾಡುತ್ತಿದ್ದರು, ಅಂಗಡಿಯವನ ಹತ್ತಿರ ಕೊತ್ತಂಬರಿ ಸೊಪ್ಪು ಬಾಡಿದೆಯೆಂದು ಜಗಳವನ್ನೂ ಆಡುತ್ತಿದ್ದರು. ಹಾಡುವ ಮನಸ್ಸಾದಾಗ ಮಾತ್ರ ಹರಳು ಎಡದಿಂದ ಬಲಕ್ಕೆ ಹೋಗುತ್ತಿತ್ತು. ಹಲ್ಲಿಗೆ ತಾಗಿ ಕಟಕ್ ಎನ್ನುವ ಆ ಸದ್ದು ಕೇಳಿದರೆ ನಾನು ಒಲೆ ಸಣ್ಣ ಮಾಡಿ ಕೂತುಬಿಡುತ್ತಿದ್ದೆ.

ಕ್ಯಾಂಟನ್‌ನಲ್ಲಿ ಅವರದೂ ನಮ್ಮದೂ ಒಂದೇ ಬಡಾವಣೆ, ಇಲ್ಲಿಯವರ ಮಾತಿನಲ್ಲಿ ಸಬ್‌ಡಿವಿಷನ್. ಅಂಕಲ್ ಪ್ಲಿಮತ್ ಕಡೆಯ ಯಾವುದೋ ಕಾರಿನ ಬಿಡಿಭಾಗಗಳ ಕಂಪನಿಯಿಂದ ರಿಟೈರ್ ಆಗಿದ್ದರು. ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ಆಂಟಿಗೆ ಇಲ್ಲಿನ ಕನ್ನಡದವರೆಲ್ಲ ಇಟ್ಟ ಹೆಸರು ‘ಟೈಟಲ್ ಸಾಂಗ್ ಆಂಟಿ’. ಆ ಹೆಸರು ಅವರಿಗೆ ಇಷ್ಟವಿರಲಿಲ್ಲ. ಆದರೂ ಯಾರಾದರೂ ಹಾಗೆ ಕರೆದರೆ ತಿರುಗಿ ನೋಡುತ್ತಿದ್ದರು, ಪಾಪ.

ಹೆಸರು ಬಂದ ಕತೆ ಇಷ್ಟು. ಮದುವೆಗೆ ಮುಂಚೆ ಮೈಸೂರಿನಲ್ಲಿ ಅವರು ಒಂದು ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದರು. ಗಣೇಶನ ಪೆಂಡಾಲು, ಮದುವೆ ರಿಸೆಪ್ಷನ್ನು, ಹೀಗೆ. ಆಗ ಯಾರೋ ಅವರಿಂದ ಒಂದು ಹಾಡು ಹಾಡಿಸಿ ಕ್ಯಾಸೆಟ್ ಮಾಡಿದರು. ಕನಸಿನಲ್ಲಿ ನಡೆದಾಡುವಂಥ ಹಾಡು ಅದು, ಎಲ್ಲಿಯೂ ಅವಸರವಿಲ್ಲ. ಕ್ಯಾಸೆಟ್ ಓಡಲಿಲ್ಲ. ಆಂಟಿ ಮದುವೆಯಾಗಿ ಇಲ್ಲಿಗೆ ಬಂದರು, ಹಾಡನ್ನು ಎಲ್ಲರೂ ಮರೆತರು. ವರ್ಷಗಳು ಕಳೆದ ಮೇಲೆ ಒಂದು ದಿನ ಅವರ ತಂಗಿ ಮೈಸೂರಿನಿಂದ ಫೋನು ಮಾಡಿ ಕಿರುಚಿದರಂತೆ: “ಅಕ್ಕಾ, ನೀನು ನಮ್ಮನೆ ಟೀವೀಲಿ ಹಾಡ್ತಿದೀಯಾ ಕಣೇ!”

ಒಂದು ಧಾರಾವಾಹಿಯವರು ಆ ಹಾಡನ್ನು ಎಲ್ಲಿಂದಲೋ ಹುಡುಕಿ ತೆಗೆದು, ಪಲ್ಲವಿಯನ್ನಷ್ಟೇ ಕತ್ತರಿಸಿ ತಮ್ಮ ಶೀರ್ಷಿಕೆ ಗೀತೆ ಮಾಡಿಕೊಂಡಿದ್ದರು.

ಯಾವ ಊರ ಗಾಳಿ ನೀನು, ಯಾರ ಮನೆಯ ಕಂಪು
ಕಣ್ಣ ಮುಚ್ಚಿ ಕೂತರೂನು ರೆಪ್ಪೆಯೊಳಗೆ ತಂಪು

‘ತಂಪು’ ಎನ್ನುವಾಗ ನಿರ್ದೇಶಕರ ಹೆಸರು ಬೀಳುತ್ತಿತ್ತು, ಅದರ ಮೇಲೆ ದೇವಸ್ಥಾನದ ಗಂಟೆ ‘ಢಣ್’ ಅನ್ನುತ್ತಿತ್ತು. ಆಮೇಲೆ ಅತ್ತೆ ಸೊಸೆಯ ಕಪಾಳಕ್ಕೆ ಬಾರಿಸುತ್ತಿದ್ದಳು. ಅಂಥ ಹಾಡಿಗೆ ಅಂಥ ಧಾರಾವಾಹಿ, ಏನು ಹೇಳೋಣ! ಆದರೆ ಸಂಜೆಯಾದರೆ ನಮ್ಮೂರೆಲ್ಲ ಅದೇ ಹಾಡು. ನಮ್ಮ ಅಜ್ಜಿ ಅದು ಕೇಳಿದ ಕೂಡಲೇ ಅಕ್ಕಿ ಆರಿಸುವ ಮೊರ ಪಕ್ಕಕ್ಕಿಡುತ್ತಿದ್ದಳು. ನಾನೂ ಆ ಢಣ್ ಕೇಳಿಯೇ ಬೆಳೆದವಳು. ಗಂಟೆ ಹೊಡೆದರೆ ಹಾಡು ಮುಗಿಯಿತು ಅಂತಲೇ ನಮ್ಮೆಲ್ಲರ ನಂಬಿಕೆ.

ಆ ನಂಬಿಕೆ ಎಷ್ಟು ಗಟ್ಟಿ ಅನ್ನುವುದು ನನಗೆ ಗೊತ್ತಾದದ್ದು ಇಲ್ಲಿನ ಕನ್ನಡದವರ ಯುಗಾದಿ ಕಾರ್ಯಕ್ರಮದಲ್ಲಿ. ಬಾಡಿಗೆಗೆ ಹಿಡಿದ ಹೈಸ್ಕೂಲಿನ ಸಭಾಂಗಣ. ಆಂಟಿ ವೇದಿಕೆ ಹತ್ತಿದರು, ಹರಳು ಬಲಕ್ಕೆ ಹೋಯಿತು, ಹಾಡು ಶುರುವಾಯಿತು. ಎಂಥ ಸ್ವರ! ಪಕ್ಕದಲ್ಲಿದ್ದವರು ಪಾಪ್‌ಕಾರ್ನ್ ತಿನ್ನುವುದನ್ನು ನಿಲ್ಲಿಸಿದರು. ‘ತಂಪು’ ಬಂತು. ಇಡೀ ಸಭಾಂಗಣ ಒಂದೇ ಬಾಯಲ್ಲಿ “ಢಣ್!” ಎಂದು ಕೂಗಿ ಚಪ್ಪಾಳೆ ತಟ್ಟಿತು. ನಿರೂಪಣೆಯ ಹುಡುಗಿ ಓಡಿಬಂದು, “ಸೂಪರ್ ಆಂಟಿ! ಈಗ ಮಕ್ಕಳ ಫ್ಯಾನ್ಸಿ ಡ್ರೆಸ್” ಎಂದಳು. ಆಂಟಿ ಮುಂದಿನ ಸಾಲಿಗೆಂದು ಎಳೆದುಕೊಂಡಿದ್ದ ಉಸಿರು ಎದೆಯಲ್ಲೇ ಉಳಿದದ್ದು ನನಗೆ ಕಂಡಿತು. ಅದನ್ನು ಮೆಲ್ಲಗೆ ಬಿಟ್ಟರು, ನಮಸ್ಕಾರ ಮಾಡಿದರು, ಇಳಿದರು.

ನನ್ನ ಗಂಡ ಊರಲ್ಲಿರಲಿಲ್ಲ, ನನಗಿನ್ನೂ ಲೈಸೆನ್ಸ್ ಇರಲಿಲ್ಲ. ಹಾಗಾಗಿ ಅವರ ಕಾರಿನಲ್ಲೇ ಮನೆಗೆ ಹೊರಟಿದ್ದೆ. ಅಂಕಲ್ ಡ್ರೈವ್ ಮಾಡುತ್ತಿದ್ದರು.

“ಆಂಟಿ, ಆ ಹಾಡು ಇನ್ನೂ ಇದೆಯಾ?” ಎಂದು ಕೇಳಿದೆ.

ಅವರು ಮುಂದಿನ ಸೀಟಿನಿಂದ ಪೂರ್ತಿ ಹಿಂದಕ್ಕೆ ತಿರುಗಿದರು. “ಇನ್ನೂ ಇದೆ ಕಣೇ. ಚರಣ ಇದೆ. ನಿಜ ಹೇಳ್ಬೇಕು ಅಂದ್ರೆ ಹಾಡು ಇರೋದೇ ಅಲ್ಲಿ. ಪಲ್ಲವಿ ಅನ್ನೋದು ಬರೀ ಬಾಗಿಲು.”

“ಮತ್ತೆ ಅವರಿಗೆ ಹೇಳ್ಬಾರ್ದಿತ್ತಾ, ತಾಳ್ರಪ್ಪಾ ಅಂತ?”

“ಕೇಳೋರಿಗೆ ಹಾಡ್ಬೇಕು. ತಡೆದು ಕೂರಿಸ್ಕೊಂಡು ಹಾಡಿದ್ರೆ ಅದು ಪ್ರವಚನ ಆಗುತ್ತೆ.”

ಕ್ಯಾಸೆಟ್ ಎಲ್ಲಿದೆ ಎಂದದ್ದಕ್ಕೆ ಅವರು ಅಂಕಲ್ ಕಡೆ ಕಣ್ಣು ತೋರಿಸಿದರು. “ಇವ್ರ ಹಳೇ ಕಾರಿನ ಪ್ಲೇಯರ್ ನುಂಗ್ಬಿಡ್ತು. ಟೊಲೀಡೊ ಹತ್ರ. ರೀಲೆಲ್ಲಾ ಮಡಿಲಿಗೆ ಹಾಕ್ಕೊಂಡು ಮನೆವರೆಗೂ ಅತ್ಕೊಂಡು ಬಂದೆ. ಸೀರಿಯಲ್ ಮಾಡಿದೋರೂ ಪಲ್ಲವಿ ಇಟ್ಕೊಂಡು ಮಿಕ್ಕಿದ್ದು ಕಳೆದುಬಿಟ್ರಂತೆ. ಬರೆದೋರಿಲ್ಲ, ರಾಗ ಹಾಕಿದೋರೂ ಹೋದ್ರು. ಈಗ ಚರಣ ಇರೋದು ನನ್ನ ಗಂಟಲಲ್ಲಿ ಅಷ್ಟೇ.” ಅಂಕಲ್ ಕಾರಿನಲ್ಲಿ ರೇಡಿಯೋದ ಗುಂಡಿಯನ್ನೂ ಮುಟ್ಟುವುದಿಲ್ಲ ಯಾಕೆಂದು ನನಗೆ ಆ ದಿನ ಅರ್ಥವಾಯಿತು.

ಫೋನಿನಲ್ಲಿ ರೆಕಾರ್ಡ್ ಮಾಡೋಣ ಎಂದು ನಾನು ಆಮೇಲೆ ಎಷ್ಟೋ ಸಲ ಗಂಟುಬಿದ್ದೆ. “ನಿನ್ನ ಫೋನು ತಲೆ ಆಡ್ಸಲ್ಲ ಕಣೇ. ಅದರ ಮುಂದೆ ಹೇಗೆ ಹಾಡ್ಲಿ?” ಎಂದು ನಕ್ಕು ತಳ್ಳಿಹಾಕುತ್ತಿದ್ದರು. ಹಟಮಾರಿ ಹೆಂಗಸು. ಅವರ ಆ ಹಟದ ಮೇಲೆ ನನಗೆ ಬಂದಷ್ಟು ಸಿಟ್ಟು ನನ್ನ ಅತ್ತೆಯ ಮೇಲೂ ಬಂದದ್ದಿಲ್ಲ.

ಮರುವರ್ಷ ನನಗೆ ಮಗಳು ಹುಟ್ಟಿದಳು. ಅಮ್ಮನಿಗೆ ವೀಸಾ ಸಿಗಲಿಲ್ಲ. ಹೊರಗೆ ಸೊನ್ನೆಗಿಂತ ಕೆಳಗಿನ ಫ್ಯಾರನ್‌ಹೀಟು, ಒಳಗೆ ಹಗಲೆಲ್ಲ ಅಳುವ ಕೂಸು, ಅದರ ಜತೆ ಅಳುವ ನಾನು. ಒಂದು ಮಧ್ಯಾಹ್ನ ಬಾಗಿಲು ತೆಗೆದರೆ ಆಂಟಿ ಮೊಣಕಾಲವರೆಗಿನ ಬೂಟು ಹಾಕಿಕೊಂಡು, ಕೈಯಲ್ಲಿ ಮೆಣಸಿನ ಸಾರಿನ ಡಬ್ಬಿ ಹಿಡಿದು ಹಿಮದಲ್ಲಿ ನಿಂತಿದ್ದರು.

“ಕೊಡಿಲ್ಲಿ ಅದನ್ನ. ನೀನು ಹೋಗಿ ಊಟ ಮಾಡು,” ಎಂದರು. ‘ಅದು’ ಎಂದರೆ ನನ್ನ ಮಗಳು.

ಕಟಕ್ ಎಂದು ಸದ್ದಾಯಿತು. ಪಲ್ಲವಿ ಹಾಡಿದರು. ಮಗು ಇನ್ನೂ ಜೋರಾಗಿ ಕಿರುಚಿತು. “ಸರಿ, ಇವಳಿಗೆ ಸೀರಿಯಲ್ ಹಿಡಿಸಲ್ಲ,” ಎಂದು ಮಗುವನ್ನು ಹೆಗಲಿಗೆ ಹಾಕಿಕೊಂಡು, ಬೆನ್ನು ತಟ್ಟುತ್ತಾ, ನಾನು ಅದುವರೆಗೆ ಕೇಳದಿದ್ದ ಸಾಲುಗಳನ್ನು ಎತ್ತಿಕೊಂಡರು.

ಕತ್ತಲಿಗೂ ನಿದ್ದೆ ಬಂತು, ನೀನು ಮಲಗು ಇನ್ನು
ಬೆಳಕು ಬಂದು ಕೇಳಿದರೂ ನಿನ್ನ ಎಬ್ಬಿಸೆನು

ನಾನು ತುತ್ತು ಕೈಯಲ್ಲಿ ಹಿಡಿದು ಹಾಗೇ ನಿಂತಿದ್ದೆ. ಮಗು ಬಿಕ್ಕಿತು, ಆಕಳಿಸಿತು, ಸುಮ್ಮನಾಯಿತು. ಆಂಟಿ ಕೊನೆಯ ಸ್ವರದವರೆಗೂ ಹಾಡಿ ಅದರ ಮುಖ ನೋಡಿದರು.

“ನೋಡೇ ನನ್ನ ಹಣೇಬರಹ! ಪೂರ್ತಿ ಕೇಳೋಳು ಇಡೀ ಮಿಷಿಗನ್ನಿನಲ್ಲಿ ಒಬ್ಬಳು ಸಿಕ್ಕಿದ್ಲು, ಅವಳೂ ನಿದ್ದೆ ಹೋದ್ಲು.”

ನಕ್ಕೂ ನಕ್ಕೂ ನನಗೆ ಕಣ್ಣಲ್ಲಿ ನೀರು ಬಂತು. ಆ ಚಳಿಗಾಲದಲ್ಲಿ ನಾನು ಮೊದಲ ಬಾರಿಗೆ ನಕ್ಕದ್ದು ಅದೇ ಇರಬೇಕು. ಅಂದಿನಿಂದ ಮಧ್ಯಾಹ್ನವಾದರೆ ಆಂಟಿಯ ಬೂಟು ನಮ್ಮ ಬಾಗಿಲಲ್ಲಿ. ಆ ಹೆಂಗಸು ಇಲ್ಲದಿದ್ದರೆ ನಾನು ಆ ವರ್ಷ ಏನಾಗುತ್ತಿದ್ದೆನೋ, ಯೋಚಿಸಲು ಇವತ್ತಿಗೂ ಧೈರ್ಯವಿಲ್ಲ.

ಮಗಳು ಬೆಳೆದಳು. ಇಲ್ಲಿನ ಮಕ್ಕಳ ಹಾಗೆಯೇ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ. ಆಂಟಿಯನ್ನು ‘ಆಂಟಿ ಅಜ್ಜಿ’ ಎನ್ನುತ್ತಿದ್ದಳು, ಆ ಚರಣವನ್ನು ‘ಸ್ಲೀಪ್ ಸಾಂಗ್’ ಎನ್ನುತ್ತಿದ್ದಳು. ಒಮ್ಮೆ ನಾನು ಯೂಟ್ಯೂಬಿನಲ್ಲಿ ಧಾರಾವಾಹಿಯ ಹಾಡು ಹಾಕಿ, “ನೋಡು ಪುಟ್ಟಾ, ನಿನ್ನ ಹಾಡು!” ಎಂದೆ. ಅವಳು ಗಂಭೀರವಾಗಿ ಕೇಳಿ, “ನೋ ಅಮ್ಮಾ, ದಟ್ಸ್ ನಾಟ್ ಇಟ್,” ಎಂದುಬಿಟ್ಟಳು. ಇದನ್ನು ಹೇಳಿದಾಗ ಆಂಟಿ ಸೋಫಾದ ಮೇಲೆ ಉರುಳಿ ಉರುಳಿ ನಕ್ಕರು.

ಆಮೇಲೆ ಆಂಟಿಯ ಗಂಟಲಲ್ಲಿ ಗಂಟು ಕಾಣಿಸಿಕೊಂಡಿತು. ಆಪರೇಷನ್‌ಗೆ ಹೊರಟವರನ್ನು ಮತ್ತೆ ಕಾಡಿದೆ: “ಒಂದೇ ಒಂದು ಸಲ ಹಾಡಿ ಆಂಟಿ, ಫೋನ್ ಹಿಡೀತೀನಿ.” “ವಾಪಸ್ ಬಂದ್ಮೇಲೆ ನಿನ್ನ ಫೋನ್ ತುಂಬಾ ಹಾಡ್ತೀನಿ ಬಿಡೇ,” ಎಂದರು. ಗಂಟು ಹೋಯಿತು, ಜತೆಗೆ ಸ್ವರವೂ ಹೋಯಿತು. ಉಳಿದದ್ದು ಬರೀ ಗಾಳಿಯಂಥ ಪಿಸುಮಾತು. ಆದರೂ ಕಲ್ಲುಸಕ್ಕರೆ ಬಿಡಲಿಲ್ಲ. ನನ್ನ ಮಗಳು ಅವರ ತೊಡೆಯ ಮೇಲೆ ತಲೆಯಿಟ್ಟರೆ ಆಗಲೂ ಹರಳು ಬಲಕ್ಕೆ ಹೋಗುತ್ತಿತ್ತು, ಕೈ ತಾಳಕ್ಕೆ ಸರಿಯಾಗಿ ಬೆನ್ನು ತಟ್ಟುತ್ತಿತ್ತು, ತುಟಿ ಮಾತ್ರ ಆಡುತ್ತಿತ್ತು. ಗುನುಗುತ್ತಿದ್ದವಳು ಮಗಳು.

“ಹೋಗ್ಲಿ ಬಿಡೇ. ಆ ಚರಣ ನನ್ನ ಜತೆನೇ ಹೋಗುತ್ತೆ,” ಎಂದು ಒಮ್ಮೆ ನನ್ನ ಕಿವಿಯಲ್ಲಿ ಹೇಳಿದರು.

“ಬಿಡ್ತು ಅನ್ನಿ ಆಂಟಿ,” ಎಂದು ಗದರಿದೆ. ನನ್ನ ಕಂಠವೋ, ತಳ ಹಿಡಿದ ಪಾತ್ರೆ ಉಜ್ಜಿದ ಹಾಗೆ. ಒಳ್ಳೆಯ ಕಂಠ ಇದ್ದಿದ್ದರೆ ನಾನೇ ಕಲಿತುಕೊಳ್ಳುತ್ತಿದ್ದೆ.

ಕಳೆದ ಫಾಲ್‌ನಲ್ಲಿ, ಮೇಪಲ್ ಎಲೆಗಳೆಲ್ಲ ಉದುರಿದ ವಾರ, ಆಂಟಿ ಹೋದರು. ಇಲ್ಲಿಯ ಪದ್ಧತಿಯಂತೆ ಫ್ಯೂನರಲ್ ಹೋಮ್‌ನ ಸಾಲು ಕುರ್ಚಿಗಳು, ನಮಗೆ ಕೊಟ್ಟದ್ದು ಇಂತಿಷ್ಟು ಹೊತ್ತು, ಗೋಡೆಯ ಪಕ್ಕ ಸೂಟು ಹಾಕಿಕೊಂಡು ಗಡಿಯಾರ ನೋಡುವ ಅಲ್ಲಿಯ ಮ್ಯಾನೇಜರು. ಆಂಟಿ ಪೆಟ್ಟಿಗೆಯಲ್ಲಿ ಮಲಗಿದ್ದರು. ಎಡಗೆನ್ನೆ ಚಪ್ಪಟೆಯಾಗಿತ್ತು. ನನಗೆ ತಡೆಯಲಾಗದೆ ಹೋದದ್ದು ಅದನ್ನು ನೋಡಿ.

ಪೂಜೆ ಮುಗಿದ ಮೇಲೆ ಕನ್ನಡದವರಲ್ಲೊಬ್ಬರು, ಒಳ್ಳೆಯ ಮನಸ್ಸಿನಿಂದಲೇ, ಫೋನನ್ನು ಸ್ಪೀಕರಿಗೆ ಸೇರಿಸಿ ಹಾಡು ಹಾಕಿದರು. ಇಪ್ಪತ್ತರ ಹರೆಯದ ಆ ಸ್ವರ ಕೋಣೆ ತುಂಬಿತು. ಎಲ್ಲರೂ ಅಳುತ್ತಿದ್ದರು. ‘ರೆಪ್ಪೆಯೊಳಗೆ ತಂಪು.’ ಢಣ್! ನನ್ನ ಮುಂದಿನ ಸಾಲಿನ ಹೆಂಗಸೊಬ್ಬರ ಎರಡು ಕೈಗಳೂ ಅಭ್ಯಾಸಬಲದಿಂದ ಚಪ್ಪಾಳೆಗೆ ಎದ್ದವು, ಗಾಳಿಯಲ್ಲೇ ನಿಂತವು, ಮೆಲ್ಲಗೆ ಮಡಿಲಿಗೆ ಇಳಿದವು. ಜನ ಏಳಲು ಕುರ್ಚಿ ಸರಿಸಿದರು.

ಬೆಳಗಿನಿಂದ ತುಟಿ ತೆರೆಯದ ಅಂಕಲ್ ಆಗ ಗಟ್ಟಿಯಾಗಿ ಹೇಳಿದರು: “ಇನ್ನೂ ಇದೆ.”

ಎಲ್ಲರೂ ಸ್ಪೀಕರಿನ ಕಡೆ ನೋಡಿದರು. ಅಲ್ಲಿ ಏನೂ ಇರಲಿಲ್ಲ.

ಮಗಳು ನನ್ನ ಸೆರಗು ಜಗ್ಗಿದಳು. “ಅಮ್ಮಾ, ಡೋಂಟ್ ದೇ ನೋ ದ ಸ್ಲೀಪ್ ಸಾಂಗ್?”

ನಾನು ಇಲ್ಲವೆಂದು ತಲೆಯಾಡಿಸಿದೆ. ಅವಳು ಎದ್ದು ಪೆಟ್ಟಿಗೆಯ ಹತ್ತಿರ ಹೋದಳು. ಅದರ ಅಂಚನ್ನು, ಮಲಗಿದ ಮಗುವಿನ ಬೆನ್ನನ್ನು ತಟ್ಟುವ ಹಾಗೆ, ಮೆಲ್ಲಗೆ ತಟ್ಟತೊಡಗಿದಳು. ನಾಲಿಗೆ ಇಲ್ಲಿಯದು, ‘ಕತ್ತಲಿಗೂ’ ಹೋಗಿ ‘ಕಟ್ಟಲಿಗೂ’ ಆಯಿತು, ‘ನಿದ್ದೆ’ ಹೋಗಿ ‘ನಿಡ್ಡೆ’ ಆಯಿತು. ಆದರೆ ರಾಗ, ಉಸಿರು ತೆಗೆದುಕೊಳ್ಳುವ ಜಾಗ, ಸಾಲಿನ ಕೊನೆಯಲ್ಲಿ ಸ್ವರವನ್ನು ಇಳಿಬಿಡುವ ರೀತಿ, ಎಲ್ಲ ಆಂಟಿಯದೇ.

ಬೆಳಕು ಬಂದು ಕೇಳಿದರೂ ನಿನ್ನ ಎಬ್ಬಿಸೆನು.

ಅಂಕಲ್ ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದರು. ಮಗಳು ಕೊನೆಯವರೆಗೂ ಹಾಡಿ, ಬಗ್ಗಿ ಆಂಟಿಯ ಮುಖ ನೋಡಿ, ಬಂದು ನನ್ನ ಪಕ್ಕ ಕೂತಳು. ಮ್ಯಾನೇಜರು ಮುಂದೆ ಬಂದು ನಮ್ಮ ಹೊತ್ತು ಮುಗಿಯಿತೆಂದು ಮೆಲುದನಿಯಲ್ಲಿ ಹೇಳಿದರು. ಯಾರೂ ಏಳಲಿಲ್ಲ. ಹಾಡು ಇನ್ನೂ ಇರಬಹುದೆಂದು ಕಾಯುತ್ತಿದ್ದರು.