ಹಲಸಿನ ಮರಕ್ಕೆ ತೂಗಿದ ಎಂಜಿನ್

ಬಿಕರ್ನಕಟ್ಟೆಯ ಇಸಿದೋರ್ ಪೊರ್ಬುಗಳಷ್ಟು ಒಳ್ಳೆಯ ಮೆಕ್ಯಾನಿಕ್ ಆ ಕಾಲದ ಮಂಗಳೂರಿನಲ್ಲಿ ಇರಲಿಲ್ಲ. ಅವರಷ್ಟು ತಲೆ ತಿನ್ನುವವರೂ ಇರಲಿಲ್ಲ. ಈ ಎರಡೂ ಮಾತನ್ನು ನಾನು ಅವರ ಮುಖಕ್ಕೇ ಹೇಳಿದ್ದೇನೆ, ಹೆದರಿಕೆ ಎಂತ? ಪೊರ್ಬುಗಳು ಎಂದು ನಾವು ತುಳುವರು ಕ್ರೈಸ್ತ ಗಂಡಸರನ್ನು ಮರ್ಯಾದೆಗೆ ಕರೆಯುವುದು. ಅವರ ಟ್ಯಾಕ್ಸಿಯ ಡ್ರೈವರ್ ನಾನು, ಬೋಜ. ಕಾರು ಓಡಿದರೆ ನನಗೆ ಗಂಜಿ, ನಿಂತರೆ ಸಿಟ್ಟು.

ಪೊರ್ಬುಗಳು ಹುಡುಗನಾಗಿದ್ದಾಗ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಕಲಿತವರಂತೆ. ಯಾರೋ ಪ್ಲಾಂಟರ್ ಬಿಸಾಡುವ ಹಾಗೆ ಮಾರಿದ ಹಸಿರು ಕಾರನ್ನು ತಂದು, ತಾವೇ ಬಿಚ್ಚಿ ಜೋಡಿಸಿ ಟ್ಯಾಕ್ಸಿ ಮಾಡಿದ್ದರು. ಬೆಳಿಗ್ಗೆ ಅದರ ಬಾನೆಟ್ ತಟ್ಟಿ ಕೊಂಕಣಿಯಲ್ಲಿ ನಾಲ್ಕು ಮಾತಾಡದೆ ಚಾ ಕುಡಿದವರಲ್ಲ. ಹೆಂಡತಿ ಆನಿ ಬಾಯಿಗೆ ಇದನ್ನು ಕಂಡರೆ ಮೈಯೆಲ್ಲ ಉರಿ.

ಮೂವತ್ತಾರನೇ ಇಸವಿ, ಈಸ್ಟರ್ ಕಳೆದಿತ್ತು. ಅವರ ಒಬ್ಬಳೇ ಮಗಳು ಲಿಲ್ಲಿಗೆ ಮದುವೆ ನಿಶ್ಚಯವಾಗಿತ್ತು. ಹುಡುಗ ವಾಲ್ಟರ್, ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್. ಮದುವೆ ಮುಗಿದ ಮೇಲೆ ಹೊಸ ಜೋಡಿ ಚಾರ್ಮಾಡಿ ಘಾಟಿ ಹತ್ತಿ ತೋಟಕ್ಕೆ ಹೋಗುವುದು ನಮ್ಮ ಕಾರಿನಲ್ಲೇ ಎಂದು ಮಾತಾಗಿತ್ತು. ಸರಿಯಾಗಿ ಆಗಲೇ ಕಾರು ಕೈಕೊಟ್ಟಿತು. ಕಂಕನಾಡಿಯ ಏರಿನಲ್ಲಿ ಎಂಜಿನ್ ಬೊಬ್ಬೆ ಹೊಡೆಯುತ್ತದೆ, ಕಾರು ಮಾತ್ರ ಮುಂದೆ ಹೋಗುವುದಿಲ್ಲ. ಕ್ಲಚ್ ಪ್ಲೇಟು ಸವೆದಿತ್ತು. ಪೊರ್ಬುಗಳು ಚೈನ್ ಕಟ್ಟಿ ಎಂಜಿನನ್ನು ಎತ್ತಿ, ಅಂಗಳದ ಹಲಸಿನ ಮರಕ್ಕೆ ತೂಗಹಾಕಿದರು.

ಹೊಸ ಪ್ಲೇಟು ಕೂರಿಸುವ ಕೆಲಸ ಬೇಗನೇ ಮುಗಿಯಿತು. "ಇಳಿಸುವನಾ ಪೊರ್ಬುಗಳೇ?" ಎಂದು ನಾನು ಚೈನಿಗೆ ಕೈ ಹಾಕಿದೆ.

"ತಡಿ ಮಾರಾಯ. ಹೇಗೂ ಬಿಚ್ಚಿದ್ದಾಯ್ತಲ್ಲ, ಹಿಂಬದಿಯ ಆಯಿಲ್ ಸೀಲ್ ಸಹ ನೋಡಿ ಬಿಡುವ. ಅಲ್ಲಿಂದ ಎಣ್ಣೆ ಸೋರಿದ್ರೆ ಹೊಸ ಪ್ಲೇಟು ಸಹ ಹಾಳು. ಆಗ ಪುನಃ ಎಂಜಿನ್ ಎತ್ಲಿಕ್ಕೆ ನಿನ್ನ ಅಜ್ಜ ಬರ್ತಾನಾ?"

ನನ್ನ ಅಜ್ಜ ಸತ್ತು ಬಹಳ ಕಾಲವಾಗಿತ್ತು, ಮಾತು ಮಾತ್ರ ಸರಿಯಾಗಿಯೇ ಇತ್ತು. ಒಪ್ಪಿದೆ. ಸೀಲ್ ಆಯಿತು. ಮರುದಿನ ಫ್ಲೈವೀಲಿನ ಹಲ್ಲು ನೋಡಬೇಕೆಂದರು. ಆಮೇಲೆ ಎಂಜಿನ್ ಕೂರುವ ರಬ್ಬರ್ ಸತ್ತಿದೆ ಎಂದರು. ರಬ್ಬರ್ ಬಂತು, ರೇಡಿಯೇಟರಿನ ಪೈಪು ಬಿರುಕು ಬಿಟ್ಟದ್ದು ಕಂಡಿತು. ಪೈಪಿನ ಹಿಂದೆ ಇಲಿ ಕಡಿದ ವಯರು! ಎಂಜಿನ್ ಇದ್ದಾಗ ಕೈ ಹೋಗದ ಮೂಲೆಗಳೆಲ್ಲ ಈಗ ತೆರೆದು ಕೂತಿದ್ದವು. ಈ ಮನುಷ್ಯನಿಗೆ ಅದೇ ಹಬ್ಬ. ಕೊನೆಗೆ ಒಳಗಿನ ತುಕ್ಕು ಕೆರೆದು ಬಣ್ಣ ಬಳಿಯಲು ಕೂತರು ಮಾರಾಯ್ರೆ!

"ಅಲ್ಲಿ ಬಣ್ಣ ಯಾರು ನೋಡ್ಲಿಕ್ಕುಂಟು? ಇಲಿಗಳಾ?" ಎಂದು ಕೇಳಿದೆ.

"ಮಾಡಿನ ಹಂಚು ತೆಗೆದವರು ಅದರಡಿಯ ಮರದ ಪಕ್ಕಾಸು ನೋಡದೆ ಪುನಃ ಹಂಚು ಹೊದಿಸ್ತಾರಾ ಬೋಜ? ಗೆದ್ದಲು ಉಂಟಾ, ಮರ ಕುಂಬಾಗಿ ಪುಡಿ ಆಗಿದ್ಯಾ, ಎಲ್ಲ ಆಗಲೇ ನೋಡ್ಬೇಕು."

"ನೋಡಿ, ನೋಡಿ. ಮಳೆ ಬಂದು ಮನೆಯವರೆಲ್ಲ ಒದ್ದೆಯಾಗುವ ತನಕ ನೋಡಿ!"

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎನ್ನುತ್ತಾರಲ್ಲ, ಇಲ್ಲಿ ಹುಚ್ಚು ಅಪ್ಪನಿಗೆ, ಮದುವೆ ಮಗಳಿಗೆ. ದಿಬ್ಬಣದವರು ಬರುವ ಹೊತ್ತಿಗೂ ಎಂಜಿನ್ ಮರದಲ್ಲೇ ತೂಗುತ್ತದೋ ಏನೋ ಎಂದು ನನಗೆ ಚಿಂತೆ ಹತ್ತಿತು. ಲಿಲ್ಲಿ ಮಾತ್ರ ದಿನಾ ಚಾ ತಂದು ಕೊಟ್ಟು, ಅಪ್ಪನ ಪಕ್ಕದಲ್ಲೇ ಕೂತು ಅವರ ಕೆಲಸ ನೋಡುತ್ತಿದ್ದಳು. ಬೇಗ ಮಾಡಿ ಎಂದು ಒಂದು ಸಲವೂ ಹೇಳಲಿಲ್ಲ.

ಮದುವೆಯ ಮುನ್ನಾ ದಿನ ರೋಸ್. ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವ ಶಾಸ್ತ್ರ ಅದು. ಚಪ್ಪರದ ತುಂಬ ನೆಂಟರು. ಎಂಜಿನ್ ಇನ್ನೂ ಮರದಲ್ಲಿ! ಆನಿ ಬಾಯಿ ಹಾಲಿನ ಪಾತ್ರೆ ಹಿಡಿದು ನೇರ ಹಲಸಿನ ಮರದಡಿಗೇ ಬಂದರು.

"ಇದು ಇಳಿಯುವ ತನಕ ನನ್ನ ಮಗಳು ರೋಸಿಗೆ ಕೂರುವುದಿಲ್ಲ. ಹಾಲು ಹುಳಿಯಾದ್ರೆ ನೀವೇ ಕುಡೀರಿ, ನಿಮ್ಮ ಕಾರಿಗೂ ಕುಡಿಸಿ!"

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಪೊರ್ಬುಗಳು ಚೈನ್ ಹಿಡಿದರು. ನಾನು ಕೆಳಗಿಂದ ಆಧಾರ ಕೊಟ್ಟೆ. ಎಂಜಿನ್ ಇಳಿದು ತನ್ನ ಜಾಗದಲ್ಲಿ ಕೂತಿತು, ಬೋಲ್ಟುಗಳು ಬಿಗಿದವು, ಪೈಪು ವಯರು ಎಲ್ಲ ಸೇರಿದವು. ನೆಂಟರ ಊಟ ಮುಗಿಯುವ ಮೊದಲೇ ಕಾರು ಸ್ಟಾರ್ಟ್ ಆಗಿ, ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ ಗುರುಗುಟ್ಟತೊಡಗಿತು.

ನನಗೆ ಸಿಟ್ಟು ನೆತ್ತಿಗೇರಿತು. "ಅರ್ಧ ದಿನದ ಕೆಲಸವಾ ಇದು? ಇದಕ್ಕಾ ನನ್ನನ್ನು ಇಷ್ಟು ದಿನ ಕೂರಿಸಿದ್ದು?"

ಅವರು ಚಿಂದಿಯಲ್ಲಿ ಕೈ ಒರೆಸಿಕೊಂಡು ಮೆಲ್ಲಗೆ ಹೇಳಿದರು. "ಎಂಜಿನ್ ಕೂತ್ರೆ ಕಾರು ಹೊರಡ್ತದೆ ಬೋಜ. ಕಾರು ಹೊರಟ್ರೆ ನನ್ನ ಲಿಲ್ಲಿ ಹೋಗ್ತಾಳೆ."

ಇಷ್ಟು ದಿನ ಬೈದ ಮಾತೆಲ್ಲ ನೆನಪಾಗಿ, ನಾನು ಬಗ್ಗಿ ಅವರ ಸಲಕರಣೆಗಳನ್ನು ಒಂದೊಂದಾಗಿ ಹೆಕ್ಕಿ ಪೆಟ್ಟಿಗೆಗೆ ಹಾಕತೊಡಗಿದೆ. ಆನಿ ಬಾಯಿ ಬಂದು ಗಂಡನ ಕೈಗೆ ಹಾಲಿನ ಪಾತ್ರೆ ಕೊಟ್ಟು, ಮಗಳಿಗೆ ಹಚ್ಚಲು ಕರೆದುಕೊಂಡು ಹೋದರು.

ಮದುವೆ ಚೆಂದವಾಗಿ ಕಳೆಯಿತು. ತೋಟಕ್ಕೆ ಹೊರಡುವ ದಿನ ಕಾರಿನ ಹಿಂದಿನ ಸೀಟಿನಲ್ಲಿ ಲಿಲ್ಲಿ ಮತ್ತು ವಾಲ್ಟರ್ ಕೂತರು. ಮುಂದೆ ನನ್ನ ಪಕ್ಕದಲ್ಲಿ, ಸಲಕರಣೆಯ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಪೊರ್ಬುಗಳು. ದಾರಿಯಲ್ಲಿ ಏನಾದರೂ ಆದರೆ ಬೇಕಲ್ಲ ಎಂದರು. ಏನೂ ಆಗಲಿಲ್ಲ. ಚಾರ್ಮಾಡಿಯ ತಿರುವುಗಳಲ್ಲಿ ರೇಡಿಯೇಟರಿನ ನೀರು ಸಹ ಕುದಿಯಲಿಲ್ಲ.

ತೋಟ ಮುಟ್ಟಿ ಕಾಫಿ ಕುಡಿದಾಯಿತು. ಇನ್ನು ಹಿಂದಿರುಗಬೇಕು. ಕೊಟ್ಟ ಮಗಳ ಮನೆಯಲ್ಲಿ ಕಾರಣವಿಲ್ಲದೆ ಅಪ್ಪ ಠಿಕಾಣಿ ಹೂಡುವುದು ನಮ್ಮ ಕಡೆ ಮರ್ಯಾದೆಯಲ್ಲ. ವಾಲ್ಟರ್ "ನಿಲ್ಲಿ ಮಾವ, ನಾಳೆ ಹೋದ್ರಾಯ್ತು" ಎಂದ. ಪೊರ್ಬುಗಳು ಒಪ್ಪಲಿಲ್ಲ. ಹೊರಗೆ ಬಂದು ಬಾನೆಟ್ ತೆರೆದರು. ಅಲ್ಲಿ ಬಗ್ಗಿದರು, ಇಲ್ಲಿ ತಟ್ಟಿದರು, ಕಾರಿನಡಿಗೆ ತೂರಿ ಹೊರಬಂದರು.

"ಒಂದು ನಟ್ಟು ಸಹ ಸಡಿಲ ಆಗ್ಲಿಲ್ಲ ಮಾರಾಯ," ಎಂದು ಅಳುಮುಖ ಮಾಡಿಕೊಂಡು, ಮಗಳಿಗೆ ಹೋಗಿಬರುತ್ತೇನೆಂದು ಹೇಳಲು ಒಳಗೆ ಹೋದರು.

ನಾನು ಅತ್ತಿತ್ತ ನೋಡಿದೆ. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಅದರೊಳಗಿನ ರೋಟರನ್ನು ಕಿತ್ತು ಜೇಬಿಗೆ ಹಾಕಿ, ಮುಚ್ಚಳ ಮೊದಲಿನಂತೆ ಕೂರಿಸಿ, ಬಾನೆಟ್ ಇಳಿಸಿದೆ. ಹೆಬ್ಬೆರಳಿನಷ್ಟು ಸಾಮಾನು ಅದು. ಇಲ್ಲದಿದ್ದರೆ ಕಿಡಿ ಹಾರುವುದಿಲ್ಲ, ಕಾರು ಅಲುಗುವುದಿಲ್ಲ.

ಲಿಲ್ಲಿ ಕಣ್ಣೊರೆಸಿಕೊಳ್ಳುತ್ತ ಮೆಟ್ಟಿಲಿಗೆ ಬಂದು ನಿಂತಳು. ಪೊರ್ಬುಗಳು ಹತ್ತಿ ಕೂತರು. ನಾನು ಹ್ಯಾಂಡಲ್ ತಿರುಗಿಸಿದೆ, ತಿರುಗಿಸಿದೆ, ಬೆವರು ಸುರಿಸಿದೆ. ಉಹೂಂ. ಅವರು ಇಳಿದು ಬಂದು ಬಾನೆಟ್ ಎತ್ತಿ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರು. ಒಳಗೆ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ನಾನು ಕಾಫಿ ಗಿಡ ನೋಡಿದೆ.

ಅವರು ಮುಚ್ಚಳ ಹಾಕಿ, ಬಾನೆಟ್ ಇಳಿಸಿ, ಮಗಳ ಕಡೆ ತಿರುಗಿದರು.

"ಲಿಲ್ಲಿ, ನಮಗಿಬ್ಬರಿಗೆ ಸಹ ಅಕ್ಕಿ ಹಾಕು ಮಗಾ. ಇದು ಇವತ್ತು ನಾಳೆ ಆಗುವ ರಿಪೇರಿ ಅಲ್ಲ."