ಕೆರೆಯಂಚಿನ ಹುಲ್ಲು ಕಿತ್ತವನು

ಆ ಹುಲ್ಲನ್ನು ಕಿತ್ತದ್ದು ನಾನೇ ಎಂದು ಆಣೆ ಮಾಡಿ ಹೇಳಲಾರೆ. ಮೊಣಕಾಲುದ್ದದ ಕೆಸರು, ಬೇರು ಸಡಿಲಗೊಂಡ ಗಳಿಗೆ, ಉದ್ದದ ದಂಟನ್ನು ಮಡಚಿ ಹಳೇ ಪೇಪರಿನ ನಡುವೆ ಇಟ್ಟದ್ದು, ಎಲ್ಲ ನೆನಪಿದೆ. ಇಷ್ಟು ಚೆನ್ನಾಗಿ ನೆನಪಿರುವುದೇ ನನ್ನ ಅನುಮಾನಕ್ಕೆ ಕಾರಣ.

ಸಸ್ಯಶಾಸ್ತ್ರದ ಎಂ.ಎಸ್ಸಿ. ಓದುವಾಗಿನ ಮಾತು. ಆ ಹುಲ್ಲು ನಮಗೆ ಕಂಡಿದ್ದು ಕೆಂಗೇರಿ ಆಚೆಯ ಒಂದು ಕೆರೆಯಂಚಿನಲ್ಲಿ ಮಾತ್ರ. ತೆನೆ ಬಲಿತು ಉದುರಿದರೆ ಗುರುತು ಹಿಡಿಯುವುದು ಕಷ್ಟ, ಅದಕ್ಕೆ ಮುಂಚೆಯೇ ಕೀಳಬೇಕು. ಸರಿಯಾಗಿ ಅದೇ ಹೊತ್ತಿಗೆ ನಮ್ಮ ಗೈಡ್ ಮಗಳ ಮದುವೆ, ರಾಜಾಜಿನಗರದ ಛತ್ರದಲ್ಲಿ. ಗೈಡ್ ಮನೆಯ ಮದುವೆಯಲ್ಲಿ ವಿದ್ಯಾರ್ಥಿಗಳು ಬಡಿಸಬೇಕು. ಅದನ್ನು ಯಾರೂ ಹೇಳಬೇಕಿರಲಿಲ್ಲ. ಇದ್ದವರು ನಾನು ಮತ್ತು ನನ್ನ ಸಹಪಾಠಿ, ಇಬ್ಬರೇ.

"ಒಬ್ಬ ಕೆರೆಗೆ ಹೋಗ್ಲಿ, ಒಬ್ಬ ಪಂಕ್ತಿ ನೋಡ್ಕೊಳ್ಲಿ" ಎಂದರು ಗೈಡ್.

ಆ ಕೆರೆಯಂಚಿನಲ್ಲಿ ಈಗ ಸೈಟುಗಳಿವೆ. ಕಳೆದ ವರ್ಷ, ಒಣಗಿಸಿ ಅಂಟಿಸಿದ ಆ ಹುಲ್ಲಿನ ಹಾಳೆಯ ಫೋಟೊ ಒಣಸಸ್ಯಗಳ ಸಂಗ್ರಹಾಲಯವಾದ ಹರ್ಬೇರಿಯಂನ ಜಾಲತಾಣಕ್ಕೆ ಬಂತು. ವಿಜಯನಗರದ ಹೋಟೆಲೊಂದರಲ್ಲಿ ಕಾಫಿ ಕುಡಿಯುತ್ತ ಸಹಪಾಠಿಯ ಮುಂದೆ ಮೊಬೈಲ್ ಹಿಡಿದೆ. ಸಂಗ್ರಹಿಸಿದವರು ಎಂಬಲ್ಲಿ, ಅಂದು ಲ್ಯಾಬಿನಲ್ಲಿ ನಾನು ಕಂಡಂತೆಯೇ, ಗೈಡ್ ಹೆಸರೊಂದೇ ಇತ್ತು.

"ನೋಡೋ, ಕಿತ್ತು ತಂದವನು ನಾನು, ಹೆಸರು ಅವರದ್ದು."

"ನೀನಾ? ಕೆರೆಗೆ ಹೋಗಿದ್ದು ನಾನು ಕಣೋ. ಒಂದು ಚಪ್ಪಲಿ ಕೆಸರಲ್ಲೇ ಹೋಯ್ತು. ನೀನು ಸಾರು ಬಡಿಸ್ತಿದ್ದೆ."

"ಸಾರು ಬಡಿಸಿದ್ದು ನೀನು. ಚಪ್ಪಲಿ ಹೋಗಿದ್ದು ನಂದು."

"ಆಯ್ತು ಗುರು, ಇಬ್ರೂ ಕೆರೆಗೇ ಹೋಗಿದ್ವಿ. ಊಟ ದೆವ್ವ ಬಡಿಸ್ತು, ಬಿಡು."

ಅವನು ನಕ್ಕ. ನನಗೆ ನಗು ಬರಲಿಲ್ಲ. ಪಿಎಚ್.ಡಿ. ಅರ್ಧಕ್ಕೆ ಬಿಟ್ಟು ಬೇರೆ ಕೆಲಸ ಹಿಡಿದ ನನಗೆ ಸಸ್ಯಶಾಸ್ತ್ರದಲ್ಲಿ ನನ್ನದು ಎಂದು ಉಳಿದಿದ್ದು ಅದೊಂದೇ ಹುಲ್ಲು. ಗೈಡ್ ಅದನ್ನೂ ಕದ್ದರು ಎಂಬ ಸಿಟ್ಟನ್ನು ಇಷ್ಟು ವರ್ಷ ಸಾಕಿಕೊಂಡು ಬಂದಿದ್ದೆ. ಕದ್ದದ್ದೇನೋ ನಿಜ. ಹಾಳೆಯ ಮೇಲಿರುವುದು ಮದುವೆಯ ದಿನದ ತಾರೀಖು. ಆವತ್ತು ಅವರು ಮಂಟಪದಲ್ಲಿ ಕೂತು ಧಾರೆ ಎರೆಯುತ್ತಿದ್ದರು. ಆದರೆ ಕದ್ದದ್ದು ಯಾರಿಂದ?

ಗೈಡ್ ಈಗಿಲ್ಲ. ಅವರ ಮಗಳಿಗೆ ಫೋನ್ ಮಾಡಿ, ಏನೋ ನೆಪ ಹೇಳಿ, ಮದುವೆಯ ವಿಡಿಯೊ ತರಿಸಿಕೊಂಡೆ. ಪೂರ್ತಿ ನೋಡಿದೆ. ಬೆಳಗಿನ ತಿಂಡಿಯ ಹೊತ್ತಿಗೂ ನಾನಿದ್ದೇನೆ, ಧಾರೆಯ ಹೊತ್ತಿಗೂ ಇದ್ದೇನೆ, ಕೊನೆಯ ಪಂಕ್ತಿಯಲ್ಲಿ ಸಾರಿನ ಬಕೆಟ್ ಹಿಡಿದು ಬಗ್ಗಿ ಬಡಿಸುತ್ತಿದ್ದೇನೆ.